ಕಾಡಿನ ಮಾಂಸ ವಾಸನೆ ಬರಲ್ವಾ?

ಮನೆಯಲ್ಲಿ ಬೇಟೆಯ ಮಾಂಸ ಬೇಯಿಸುತ್ತೇನೆ ಅಂತ ಗೊತ್ತಾದ ಕೂಡಲೇ ಎದುರಿಗಿರುವವರು ಮೂಗು ಮುರಿಯುತ್ತಾರೆ. ಹಿಂದೆಯೇ ಪ್ರಶ್ನೆ ಬರುತ್ತದೆ: "ಅದು ವಾಸನೆ ಬರಲ್ವಾ?" ಜಿಂಕೆ ಅಂದರೂ ಇದೇ ಪ್ರಶ್ನೆ, ಕಾಡುಹಂದಿ ಅಂದರೂ ಇದೇ, ಮೊಲ, ಕಾಡುಬಾತು ಅಂದರೂ ಇದೇ. ಕೇಳುವವರಲ್ಲಿ ಕೆಲವರು ಒಮ್ಮೆಯೂ ತಿಂದವರಲ್ಲ. ಇನ್ನು ಕೆಲವರು ಯಾರದೋ ಮನೆಯಲ್ಲಿ ಒಂದು ಸಲ ತಿಂದು, ಸಾಕಪ್ಪಾ ಸಾಕು ಅಂದುಕೊಂಡವರು. ಈ ಎರಡನೆಯವರ ಮಾತನ್ನು ನಾನು ಪೂರ್ತಿ ನಂಬುತ್ತೇನೆ. ನನ್ನ ಮೊದಲ ಅಡುಗೆಯೂ ಹಾಗೇ ಆಗಿತ್ತು.

ವಾಸನೆ ಬರುತ್ತದೆ. ಆದರೆ ಬಹಳಷ್ಟು ಸಲ ಅದನ್ನು ತರಿಸಿದವರು ನಾವೇ. ಪ್ರಾಣಿ ಸತ್ತ ಗಳಿಗೆಯಿಂದ ಬಾಣಲೆಗೆ ಬೀಳುವವರೆಗೆ ಎಲ್ಲೋ ಒಂದು ಕಡೆ ಕೈ ತಪ್ಪಿರುತ್ತದೆ. ಎಲ್ಲೆಲ್ಲಿ ತಪ್ಪುತ್ತದೆ ಅನ್ನುವುದೇ ನನ್ನ ಉತ್ತರ.

ಅದಕ್ಕೂ ಮೊದಲು ಒಂದು ಮಾತು. ನಾನು ಬೇಟೆಗಾರ ಅಲ್ಲ. ಲೈಸೆನ್ಸ್ ಇರುವ ಗೆಳೆಯನೊಬ್ಬ ಸೀಸನ್‌ನಲ್ಲಿ ಹೋಗುತ್ತಾನೆ, ಪಾಲು ಕೊಡುತ್ತಾನೆ. ಕೆಲವು ದೇಶಗಳಲ್ಲಿ ಬೇಟೆಗೆ ಅವಕಾಶವೇ ಇಲ್ಲ. ಅಲ್ಲಿರುವವರಿಗೆ ಇದು ಓದಿ ಬಿಡುವ ವಿಷಯ, ಅಷ್ಟೇ. ಅವಕಾಶ ಇರುವ ಕಡೆಯೂ ಯಾವ ಪ್ರಾಣಿ, ಯಾವ ತಿಂಗಳು, ಎಷ್ಟು ಅನ್ನುವುದಕ್ಕೆಲ್ಲ ನಿಯಮ ಇರುತ್ತದೆ. ಎಲ್ಲಿಂದ ಬಂತು ಅಂತ ಹೇಳದವರ ಕೈಯಿಂದ ಮಾಂಸ ತೆಗೆದುಕೊಳ್ಳಬೇಡಿ.

ಈಗ ವಾಸನೆಗೆ ಬರೋಣ. ನಮ್ಮ ಭಾಷೆಯಲ್ಲಿ ಸೊಗಡು ಅಂತ ಒಂದು ಪದ ಇದೆ, ನಾತ ಅಂತ ಇನ್ನೊಂದು ಇದೆ. ಕಾಡಿನ ಪ್ರಾಣಿಗೆ ಸೊಗಡು ಇರುವುದು ನಿಜ. ಅದು ದಿನವಿಡೀ ಓಡಾಡುತ್ತದೆ, ಚಿಗುರು, ಕಾಯಿ, ಬೇರು ಅಂತ ಸಿಕ್ಕಿದ್ದೆಲ್ಲ ತಿನ್ನುತ್ತದೆ. ಓಡಾಡಿದ ಸ್ನಾಯುವಿನಲ್ಲಿ ಮಯೋಗ್ಲೋಬಿನ್, ಅಂದರೆ ಆಮ್ಲಜನಕ ಹಿಡಿದಿಡುವ ಕೆಂಪು ಪ್ರೋಟೀನ್ ಜಾಸ್ತಿ. ಮಾಂಸ ಕಡುಗೆಂಪಾಗಿರುವುದು ಅದರಿಂದಲೇ. ರುಚಿ ಗಾಢವಾಗಿರುತ್ತದೆ, ಸ್ವಲ್ಪ ಕಬ್ಬಿಣದ ಒಗರು ಇರುತ್ತದೆ. ಇದು ಸೊಗಡು. ಬಾಗಿಲು ತೆರೆದ ಕೂಡಲೇ ಮುಖಕ್ಕೆ ಹೊಡೆಯುತ್ತದಲ್ಲ, ಮೂರು ದಿನ ಪರದೆಯಲ್ಲಿ ಕೂತಿರುತ್ತದಲ್ಲ, ಅದು ನಾತ. ಅದಕ್ಕೆ ಕಾಡನ್ನು ದೂರುವುದು ಅನ್ಯಾಯ.

ಮೊದಲ ತಪ್ಪು ಬಿಸಿಯದ್ದು. ಪ್ರಾಣಿ ಸತ್ತ ಮೇಲೂ ಮೈ ಬಿಸಿ ತುಂಬಾ ಹೊತ್ತು ಇರುತ್ತದೆ. ಚರ್ಮ, ಕೂದಲು ಎರಡೂ ಸೇರಿ ಕಂಬಳಿ ಹೊದಿಸಿದ ಹಾಗೆ. 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬ್ಯಾಕ್ಟೀರಿಯಾಕ್ಕೆ ಹಬ್ಬ. ಅನುಕೂಲ ಸಿಕ್ಕಿದರೆ 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತವೆ. ಅದಕ್ಕೇ ಕರುಳು, ಜಠರ ಎಲ್ಲ ಬೇಗ ತೆಗೆದು, ಒಳಗೆ ಗಾಳಿಯಾಡಿಸಿ, ಆದಷ್ಟು ಬೇಗ ತಣ್ಣಗೆ ಮಾಡಬೇಕು. ತೆಗೆಯುವಾಗ ಕರುಳು ಅಥವಾ ಮೂತ್ರಕೋಶ ಹರಿದು ಮಾಂಸದ ಮೇಲೆ ಚೆಲ್ಲಿದರೆ, ಆ ಜಾಗವನ್ನು ಕತ್ತರಿಸಿ ಎಸೆಯುವುದೇ ಸರಿ. ತೊಳೆದರೆ ಹೋಗುತ್ತದೆ ಅಂತ ನೀರು ಸುರಿದರೆ ಕೊಳೆ ಇನ್ನಷ್ಟು ಕಡೆ ಹರಡುತ್ತದೆ.

ನನ್ನ ಮೊದಲ ಜಿಂಕೆ ತೊಡೆ ಹೀಗೇ ಹಾಳಾಗಿತ್ತು. ಕೊಟ್ಟವರು ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕಾರಿನ ಹಿಂದೆ ಇಟ್ಟಿದ್ದರು. ದಾರಿಯಲ್ಲಿ ಎರಡು ಕಡೆ ನಿಲ್ಲಿಸಿ, ಮಧ್ಯಾಹ್ನದ ಬಿಸಿಲಿನಲ್ಲಿ ಬಂದಿದ್ದರು. ಮೇಲಿನಿಂದ ನೋಡಿದರೆ ಚೆನ್ನಾಗೇ ಇತ್ತು. ಸೊಂಟದ ಕೀಲಿನ ಹತ್ತಿರ ಚಾಕು ಇಳಿಸಿದಾಗ ಮಾತ್ರ ಹುಳಿ ಹುಳಿ ವಾಸನೆ ಬಂತು. ಮೂಳೆಯ ಸುತ್ತ ತಿಳಿ ಹಸಿರು ಬಣ್ಣ. ದೊಡ್ಡ ಪ್ರಾಣಿಯಲ್ಲಿ ಕೆಡುವುದು ಹೆಚ್ಚಾಗಿ ಅಲ್ಲಿಂದಲೇ ಶುರು, ಏಕೆಂದರೆ ಅಲ್ಲಿ ಮಾಂಸ ದಪ್ಪ, ಬಿಸಿ ಕೊನೆಗೆ ಆರುವ ಜಾಗ ಅದು. ಆಗ ನನಗೆ ಇದೆಲ್ಲ ಗೊತ್ತಿರಲಿಲ್ಲ. ಕಾಡಿನದು ಅಂದರೆ ಹೀಗೇ ಇರಬೇಕು ಅಂದುಕೊಂಡು, ಮಸಾಲೆ ಎರಡರಷ್ಟು ಹಾಕಿ ಬೇಯಿಸಿದೆ. ಮನೆಯವರು ಊಟ ಬಿಟ್ಟು ಎದ್ದರು. ಎದ್ದದ್ದೇ ಒಳ್ಳೆಯದಾಯಿತು ಬಿಡಿ. ಮೂಗು ಬೇಡ ಅಂದಿದ್ದನ್ನು ಮಸಾಲೆಯಲ್ಲಿ ಮುಚ್ಚಿಡಬಾರದು.

ತಣ್ಣಗೆ ಮಾಡಬೇಕು ಅಂದೆ ಅಂತ ಹೊಸ ಮಾಂಸವನ್ನು ನೇರ ಫ್ರೀಜರ್‌ಗೂ ತುರುಕಬೇಡಿ. ಸತ್ತ ಕೆಲವು ಗಂಟೆಗಳಲ್ಲಿ ಮೈ ಸೆಟೆದುಕೊಳ್ಳುತ್ತದೆ. ಆ ಸೆಟೆತ ಬಿಡುವ ಮೊದಲೇ ಹೆಪ್ಪುಗಟ್ಟಿಸಿದರೆ, ಆಮೇಲೆ ಕರಗುವಾಗ ಮಾಂಸ ಮುದುಡಿ ಚರ್ಮದ ಪಟ್ಟಿಯ ಹಾಗೆ ಆಗುತ್ತದೆ. 1ರಿಂದ 4 ಡಿಗ್ರಿಯ ತಂಪಿನಲ್ಲಿ ಕೆಲವು ದಿನ ಇಟ್ಟರೆ ಮಾಂಸದ ಒಳಗಿನ ಕಿಣ್ವಗಳೇ ನಾರನ್ನು ಸಡಿಲ ಮಾಡುತ್ತವೆ. ನಾನು ತೊಡೆಯ ತುಂಡನ್ನು ಫ್ರಿಜ್‌ನ ಕೆಳಗಿನ ಶೆಲ್ಫ್‌ನಲ್ಲಿ, ಜಾಲರಿಯ ಮೇಲೆ, ಕೆಳಗೆ ತಟ್ಟೆ ಇಟ್ಟು ನಾಲ್ಕೈದು ದಿನ ಬಿಡುತ್ತೇನೆ. ಎಳೆಯ ಪ್ರಾಣಿಗೆ ಇಷ್ಟೂ ಬೇಡ.

ಎರಡನೆಯದು ನೆಣ, ಅಂದರೆ ಕೊಬ್ಬು. ನನ್ನನ್ನು ಕೇಳಿದರೆ ಅರ್ಧ ಜಗಳ ಇಲ್ಲೇ ತೀರುತ್ತದೆ. ಕುರಿ, ಹಂದಿ, ಕೋಳಿ ಮಾಡಿ ಅಭ್ಯಾಸ ಇರುವವರಿಗೆ ನೆಣ ಅಂದರೆ ರುಚಿ. ಜಿಂಕೆಯ ವಿಷಯದಲ್ಲಿ ಇದು ತಲೆಕೆಳಗು. ಅದರ ನೆಣ ಮೇಣದ ಹಾಗೆ ಗಟ್ಟಿ. ಕರಗಲು ಹೆಚ್ಚು ಬಿಸಿ ಬೇಕು, ಬಾಯಿಗೆ ಬಂದ ಕೂಡಲೇ ಮತ್ತೆ ಹೆಪ್ಪುಗಟ್ಟಿ ಅಂಗುಳಿಗೆ ಅಂಟಿಕೊಳ್ಳುತ್ತದೆ. ಪ್ರಾಣಿ ತಿಂದದ್ದರ ವಾಸನೆ, ಮೈಯ ವಾಸನೆ ಎಲ್ಲ ಕೂತಿರುವುದೂ ಅಲ್ಲೇ. ಫ್ರೀಜರ್‌ನಲ್ಲಿಟ್ಟರೂ ನೆಣ ನಿಧಾನಕ್ಕೆ ಕಮಟಾಗುತ್ತದೆ. ಹಾಗಾಗಿ ಜಿಂಕೆಯ ನೆಣ ಒಂದು ಚೂರೂ ಬಿಡದೆ ತೆಗೆಯುತ್ತೇನೆ, ಬದಲಿಗೆ ಎಣ್ಣೆಯನ್ನೋ ಬೆಣ್ಣೆಯನ್ನೋ ಹಾಕುತ್ತೇನೆ. ಬಾತುಕೋಳಿ ಮಾತ್ರ ಬೇರೆ ಲೆಕ್ಕ. ಕಾಳು ತಿಂದ ಬಾತಿನ ನೆಣ ಬಂಗಾರ, ಮೀನು ತಿಂದು ಬೆಳೆದ ಬಾತಿನ ನೆಣ ಮೀನೇ.

ನೆಣದ ಜೊತೆ ಪೊರೆಯೂ ಹೋಗಬೇಕು. ಬೆನ್ನುಮೂಳೆಯ ಎರಡೂ ಪಕ್ಕ ಉದ್ದಕ್ಕೆ ಇರುವ ಮಾಂಸದ ಪಟ್ಟಿಯನ್ನು ತೆಗೆದುಕೊಳ್ಳಿ. ಮೇಲೆ ಬೆಳ್ಳಿಯ ಹಾಗೆ ಮಿನುಗುವ ಒಂದು ಪದರ ಕಾಣುತ್ತದೆ. ಎಷ್ಟು ಬೇಯಿಸಿದರೂ ಇದು ಬೆಣ್ಣೆಯಾಗುವುದಿಲ್ಲ, ಮುದುಡಿ ಮಾಂಸವನ್ನೂ ಜೊತೆಗೆ ಎಳೆಯುತ್ತದೆ. ತೆಳ್ಳಗಿನ ಚಾಕುವಿನ ತುದಿಯನ್ನು ಒಂದು ಕೊನೆಯಲ್ಲಿ ಪೊರೆಯ ಕೆಳಗೆ ತೂರಿಸಿ. ಒಂದು ಅಂಗುಲ ಬಿಡಿಸಿ, ಬಿಟ್ಟ ತುದಿಯನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿಯಿರಿ. ಜಾರುತ್ತದೆ, ಒಣ ಬಟ್ಟೆಯಲ್ಲಿ ಹಿಡಿದರೆ ನಿಲ್ಲುತ್ತದೆ. ಈಗ ಚಾಕುವಿನ ಅಲಗನ್ನು ಸ್ವಲ್ಪ ಮೇಲ್ಮುಖ ಮಾಡಿ, ಪೊರೆಗೇ ಒತ್ತಿಕೊಂಡು ಮುಂದೆ ದೂಡಿ. ಸರಿಯಾಗಿ ಬಂದರೆ ಉದ್ದನೆಯ ರಿಬ್ಬನ್ ಥರ ಎದ್ದು ಬರುತ್ತದೆ, ಅದರ ಮೇಲೆ ಕೆಂಪು ಅಂಟಿರುವುದೇ ಇಲ್ಲ. ನನಗೆ ಮೊದಲ ಸಲ ಅರ್ಧ ಮಾಂಸ ಪೊರೆಯ ಜೊತೆಗೇ ಹೋಗಿತ್ತು. ಕೆಲಸಕ್ಕೆ ಮುಂಚೆ ಚಾಕು ಮಸೆಯಿರಿ, ಮಿಕ್ಕಿದ್ದು ಕೈಗೆ ತಾನಾಗೇ ಬರುತ್ತದೆ.

ಕಾಡುಹಂದಿಯ ಕಥೆಯೇ ಬೇರೆ. ಬೆಳೆದ ಗಂಡಿನಲ್ಲಿ ಆಂಡ್ರೋಸ್ಟೆನೋನ್ ಅನ್ನುವ ಹಾರ್ಮೋನ್ ಸಂಬಂಧದ ವಸ್ತು ನೆಣದಲ್ಲಿ ಸೇರಿಕೊಳ್ಳುತ್ತದೆ. ಸ್ಕಾಟೋಲ್ ಅಂತ ಇನ್ನೊಂದು, ಅದು ಕರುಳಿನಲ್ಲಿ ಹುಟ್ಟುವಂಥದ್ದು. ತಣ್ಣಗಿರುವಾಗ ಅಷ್ಟು ಗೊತ್ತಾಗುವುದಿಲ್ಲ, ಬಿಸಿ ಮಾಡಿದರೆ ಎದ್ದು ಕೂರುತ್ತದೆ, ಬೆವರು ಮೂತ್ರದ ನಾತದ ಹಾಗೆ. ತಮಾಷೆ ಏನೆಂದರೆ, ಆಂಡ್ರೋಸ್ಟೆನೋನ್ ವಾಸನೆ ಕೆಲವರಿಗೆ ಹುಟ್ಟಿನಿಂದಲೇ ತಿಳಿಯುವುದಿಲ್ಲ, ಅದು ವಂಶವಾಹಿಯ ಆಟ. ಒಂದೇ ತಟ್ಟೆ ಮುಂದೆ ಗಂಡ "ಏನೂ ಇಲ್ವಲ್ಲ" ಅಂತಾನೆ, ಹೆಂಡತಿ ಕಿಟಕಿ ತೆಗೀತಾಳೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಅದಕ್ಕೇ ಗಂಡು ಹಂದಿಯ ಮಾಂಸ ಬಂದರೆ ನಾನು ಮೊದಲು ನೆಣದ ಒಂದು ಸಣ್ಣ ಚೂರನ್ನು ಒಣ ಬಾಣಲೆಯಲ್ಲಿ ಹುರಿದು, ಮನೆಯಲ್ಲಿ ಇಬ್ಬರು ಮೂವರ ಮೂಗಿಗೆ ಹಿಡಿಯುತ್ತೇನೆ. ಎಲ್ಲರೂ ಸರಿ ಅಂದರೆ ಮುಂದಿನ ಕೆಲಸ.

"ಮಜ್ಜಿಗೆಯಲ್ಲಿ ನೆನೆಸಿದರೆ ಹೋಗುತ್ತಂತಲ್ಲ?" ಅಂತಲೂ ಕೇಳುತ್ತಾರೆ. ಉಪ್ಪುನೀರು, ಹಾಲು, ಮಜ್ಜಿಗೆ ಎಲ್ಲ ಮೇಲಿನ ರಕ್ತವನ್ನು ಸ್ವಲ್ಪ ಎಳೆಯುತ್ತವೆ, ಒಗರು ಕಡಿಮೆ ಅನ್ನಿಸುತ್ತದೆ. ಆದರೆ ಹುಳಿ ಮಾಂಸದೊಳಗೆ ಇಳಿಯುವುದು ಕೆಲವೇ ಮಿಲಿಮೀಟರ್. ಎರಡು ದಿನ ನೆನೆಸಿದರೆ ಮೇಲ್ಭಾಗ ಮೆತ್ತಗೆ ಹಿಟ್ಟಿನ ಹಾಗೆ ಆಗುತ್ತದೆ, ಒಳಗೆ ಎಲ್ಲ ಮೊದಲಿನಂತೆಯೇ ಇರುತ್ತದೆ. ರಾತ್ರಿ ನೆನೆಸಿ ಬೆಳಗ್ಗೆ ತೆಗೆದರೆ ಸಾಕು. ಕೆಟ್ಟ ಮಾಂಸವನ್ನು ಯಾವ ಮಜ್ಜಿಗೆಯೂ ಉಳಿಸುವುದಿಲ್ಲ.

ಇನ್ನು ಬೇಯಿಸುವುದು. ಜನ "ರಬ್ಬರ್ ಥರ ಇತ್ತು" ಅನ್ನುವುದು ಇಲ್ಲಿಯ ತಪ್ಪಿಗೆ. ಜಿಂಕೆ ಮಾಂಸದಲ್ಲಿ ಕೊಬ್ಬು ನೂರಕ್ಕೆ ಎರಡು ಮೂರು ಗ್ರಾಂ ಅಷ್ಟೇ. ತಪ್ಪನ್ನು ಮುಚ್ಚಿಕೊಳ್ಳಲು ಒಳಗೆ ಏನೂ ಇಲ್ಲ. ಹಾಗಾಗಿ ಎರಡೇ ದಾರಿ. ಬೆನ್ನಿನ ಮಾಂಸವನ್ನು ಕಾದ ಬಾಣಲೆಯಲ್ಲಿ ಬೇಗ ಹುರಿದು, ಬೇಗ ಇಳಿಸಿ, ಐದು ನಿಮಿಷ ಸುಮ್ನೆ ಬಿಡಬೇಕು. ಕುತ್ತಿಗೆ, ಮುಂಗಾಲು, ಮೊಣಕಾಲಿನ ಕೆಳಗಿನ ಭಾಗವನ್ನು ಸಣ್ಣ ಉರಿಯಲ್ಲಿ ಮೂರು ನಾಲ್ಕು ಗಂಟೆ ಬೇಯಿಸಬೇಕು. ಅಲ್ಲಿರುವ ಕೊಲ್ಯಾಜನ್ ಅನ್ನುವ ಗಟ್ಟಿ ನಾರಿನ ಪ್ರೋಟೀನ್ 70 ಡಿಗ್ರಿ ದಾಟಿದ ಮೇಲೆ ನಿಧಾನಕ್ಕೆ ಕರಗಿ ಅಂಟಂಟಾದ ರಸ ಆಗುತ್ತದೆ. ಇವೆರಡರ ಮಧ್ಯೆ, ಅಂದರೆ ಅರ್ಧ ಮುಕ್ಕಾಲು ಗಂಟೆ ಬೇಯಿಸಿದ ಮಾಂಸವೇ ರಬ್ಬರ್. ಕುಕ್ಕರ್ ಇದ್ದರೆ ಎರಡನೇ ದಾರಿ ಬೇಗ ಮುಗಿಯುತ್ತದೆ. ಬೆನ್ನಿನ ಮಾಂಸವನ್ನು ಮಾತ್ರ ಕುಕ್ಕರ್‌ಗೆ ಹಾಕಬೇಡಿ, ನನ್ನ ಗೆಳೆಯನಿಗೆ ಹೊಟ್ಟೆ ಉರಿಯುತ್ತದೆ.

ಎಷ್ಟು ಬೆಂದರೆ ಸಾಕು ಅನ್ನುವುದಕ್ಕೆ ಕಣ್ಣಂದಾಜು ಬೇಡ, ಮಾಂಸದ ಥರ್ಮಾಮೀಟರ್ ಒಂದು ಕೊಳ್ಳಿ. ಅಮೆರಿಕದ ಕೃಷಿ ಇಲಾಖೆ ಜಿಂಕೆಯ ಇಡೀ ತುಂಡಿಗೆ ಒಳಗೆ 63 ಡಿಗ್ರಿ ಮತ್ತು ಮೂರು ನಿಮಿಷದ ವಿರಾಮ, ಖೀಮಾಗೆ 71, ಹಕ್ಕಿಗೆ 74 ಡಿಗ್ರಿ ಹೇಳುತ್ತದೆ. ಕಾಡುಹಂದಿ ಮತ್ತು ಕರಡಿಯ ವಿಷಯದಲ್ಲಿ ನಾನು 71ಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ. ಅವುಗಳ ಸ್ನಾಯುವಿನಲ್ಲಿ ಟ್ರೈಕಿನೆಲ್ಲಾ ಅನ್ನುವ ಕಣ್ಣಿಗೆ ಕಾಣದ ಹುಳು ಇರಬಹುದು. ಸಾಕಿದ ಹಂದಿಯ ಮಾಂಸವನ್ನು ಮೈನಸ್ 15 ಡಿಗ್ರಿಯಲ್ಲಿ 20 ದಿನ ಇಟ್ಟರೆ ಆ ಹುಳು ಸಾಯುತ್ತದೆ. ಆದರೆ ತಣ್ಣನೆಯ ನಾಡಿನ ಕಾಡುಪ್ರಾಣಿಗಳಲ್ಲಿರುವ ಜಾತಿ ಹೆಪ್ಪುಗಟ್ಟಿದರೂ ಬದುಕುತ್ತದೆ. ಉಪ್ಪು ಹಾಕಿ ಒಣಗಿಸುವುದು, ಹೊಗೆ ಹಾಕುವುದು ಯಾವುದನ್ನೂ ನಂಬುವ ಹಾಗಿಲ್ಲ. ಹಸಿ ಮಾಂಸದ ಶೋಕಿಯಂತೂ ಬೇಡವೇ ಬೇಡ. ಜಪಾನಿನಲ್ಲಿ ಹಸಿ ಜಿಂಕೆ ಮಾಂಸ ತಿಂದವರಿಗೆ ಹೆಪಟೈಟಿಸ್ ಇ ಅನ್ನುವ ಪಿತ್ತಜನಕಾಂಗದ ಸೋಂಕು ಬಂದದ್ದು 2003ರಲ್ಲೇ ವರದಿಯಾಗಿದೆ.

ಮೊಲ ಬಿಡಿಸುವಾಗ ಕೈಗೆ ಗ್ಲೌಸ್ ಹಾಕಿ. ಟುಲರೀಮಿಯಾ ಅನ್ನುವ ಕಾಯಿಲೆ ಚರ್ಮದ ಸಣ್ಣ ಗಾಯದಿಂದಲೂ ಒಳಗೆ ಹೋಗುತ್ತದೆ. ಪಿತ್ತಜನಕಾಂಗದ ಮೇಲೆ ಬಿಳಿ ಚುಕ್ಕೆ ಕಂಡರೆ ಇಡೀ ಮೊಲವನ್ನೇ ಬಿಟ್ಟುಬಿಡಿ.

ಜಿಂಕೆಗೆ ಇನ್ನೊಂದು ಕಾಟ ಇದೆ, ಇಂಗ್ಲಿಷಿನಲ್ಲಿ ಕ್ರಾನಿಕ್ ವೇಸ್ಟಿಂಗ್ ಡಿಸೀಸ್, ನಾವು ಸೊರಗು ರೋಗ ಅನ್ನಬಹುದು. 1967ರಲ್ಲಿ ಅಮೆರಿಕದ ಕೊಲೊರಾಡೊದಲ್ಲಿ ಮೊದಲು ಕಂಡಿದ್ದು, 2016ರಲ್ಲಿ ನಾರ್ವೆಯಲ್ಲೂ ಸಿಕ್ಕಿತು. ಪ್ರಿಯಾನ್ ಅನ್ನುವ ಕೆಟ್ಟ ಪ್ರೋಟೀನ್‌ನಿಂದ ಬರುವಂಥದ್ದು, ಬೇಯಿಸಿದರೆ ಹೋಗುವುದಿಲ್ಲ. ಮನುಷ್ಯರಿಗೆ ಅಂಟಿದ್ದು ಖಚಿತವಾಗಿಲ್ಲ. ಆದರೂ ರೋಗ ಇರುವ ಕಡೆ ಪರೀಕ್ಷೆಗೆ ಕಳಿಸಿ, ಫಲಿತಾಂಶ ಬರುವವರೆಗೆ ತಿನ್ನದೆ ಇರುವುದು ಅಲ್ಲಿಯ ಪದ್ಧತಿ. ಗೆಳೆಯ ಕೊಟ್ಟ ಮಾಂಸಕ್ಕೂ ನಾನು ಅದನ್ನೇ ಕೇಳುತ್ತೇನೆ, ಅವನಿಗೆ ಬೇಜಾರಾಗುವುದಿಲ್ಲ.

ವಾಸನೆ ಬರುತ್ತಾ ಅಂತ ಎಲ್ಲರೂ ಕೇಳುತ್ತಾರೆ, ಹೊಡೆದದ್ದು ಸೀಸದ ಗುಂಡಿನಿಂದಲಾ ಅಂತ ಮಾತ್ರ ಒಬ್ಬರೂ ಕೇಳುವುದಿಲ್ಲ. ಅದಕ್ಕೆ ವಾಸನೆ ಇಲ್ಲವಲ್ಲ. ಸೀಸದ ಗುಂಡು ಮೈಗೆ ಹೊಕ್ಕಾಗ ಧೂಳಿನಷ್ಟು ಸಣ್ಣ ಚೂರುಗಳಾಗಿ ಸಿಡಿಯುತ್ತದೆ. ಗಾಯದಿಂದ ಗೇಣು ದೂರದಲ್ಲೂ ಇರಬಹುದು, ಹಲ್ಲಿಗೆ ಸಿಗುವುದೂ ಇಲ್ಲ. ಮಕ್ಕಳಿಗೆ, ಬಸುರಿಯರಿಗೆ ಸೀಸ ಇಷ್ಟು ಇದ್ದರೆ ಪರವಾಗಿಲ್ಲ ಅನ್ನುವ ಮಟ್ಟವೇ ಇಲ್ಲ. ಹುಳಿ ಹಾಕಿ ಬೇಯಿಸಿದರೆ ಅದು ಇನ್ನೂ ಜಾಸ್ತಿ ಕರಗುತ್ತದೆ. ಗಾಯದ ಸುತ್ತಲಿನ ಮಾಂಸವನ್ನು ಜಿಪುಣತನ ಇಲ್ಲದೆ ಕತ್ತರಿಸಿ ಎಸೆಯಬೇಕು, ಖೀಮಾಕ್ಕೂ ಸೇರಿಸಬಾರದು. ನಮ್ಮ ಗೆಳೆಯ ಈಗ ತಾಮ್ರದ ಗುಂಡಿಗೆ ಬದಲಾಗಿದ್ದಾನೆ. ಮನೆಯಲ್ಲಿ ಸಣ್ಣ ಮಗು ಇರುವವರು ಇದನ್ನು ಮೊದಲು ವಿಚಾರಿಸಿ, ಆಮೇಲೆ ಮಾಂಸಕ್ಕೆ ಕೈ ಚಾಚಿ.

ಇಷ್ಟೆಲ್ಲ ಆದ ಮೇಲೆ ಉಳಿದದ್ದನ್ನು ಗಾಳಿಯಾಡದ ಹಾಗೆ ಸುತ್ತಿ ಮೈನಸ್ 18ರಲ್ಲಿ ಇಡುತ್ತೇನೆ. ಖೀಮಾ ಮೂರು ನಾಲ್ಕು ತಿಂಗಳಲ್ಲಿ ಮುಗಿಸುತ್ತೇನೆ. ಇಡೀ ತುಂಡುಗಳು ಎಂಟು ಹತ್ತು ತಿಂಗಳು ಚೆನ್ನಾಗಿರುತ್ತವೆ. ಪೊಟ್ಟಣದ ಮೇಲೆ ಪ್ರಾಣಿ, ಭಾಗ, ತಾರೀಖು ಮೂರನ್ನೂ ಬರೆಯಬೇಕು, ಮರೆಯಬೇಡಿ. ಈಗ ನಮ್ಮ ಫ್ರೀಜರ್‌ನಲ್ಲಿ ಒಂದು ಪೊಟ್ಟಣ ಇದೆ, ಮೇಲೆ ನನ್ನದೇ ಅಕ್ಷರದಲ್ಲಿ "ಮಾಂಸ" ಅಂತ ಇದೆ, ಅಷ್ಟೇ. ಬೆನ್ನಿನದೋ ಕುತ್ತಿಗೆಯದೋ ಗೊತ್ತಿಲ್ಲ. ಭಾನುವಾರ ಅದು ನಾಲ್ಕು ಗಂಟೆ ಸಣ್ಣ ಉರಿಯ ಮೇಲೆ ಕೂರಲಿದೆ.