ಕೆಲಸ ಒಬ್ಬರಿಗೆ, ದ್ವೀಪ ಮನೆಮಂದಿಗೆಲ್ಲ

ಪಾಪುವಾ ನ್ಯೂಗಿನಿಯಲ್ಲಿ ಮಿಷನ್ ಆಸ್ಪತ್ರೆಯ ಲ್ಯಾಬಿನಲ್ಲಿದ್ದೇನೆ ಅಂದರೆ ಊರಲ್ಲಿ ಎಲ್ಲರೂ ಕೇಳುವುದು ಒಂದೇ. ‘ಅಲ್ಲಿ ಎಷ್ಟು ಜನರನ್ನು ಕ್ರೈಸ್ತರನ್ನಾಗಿ ಮಾಡಿದ್ರಿ?’ ಒಬ್ಬರನ್ನೂ ಇಲ್ಲ. ಮಾಡಲಿಕ್ಕೆ ಯಾರು ಉಳಿದಿದ್ದಾರೆ? ಆ ದೇಶದಲ್ಲಿ ನೂರಕ್ಕೆ 95ಕ್ಕಿಂತ ಜಾಸ್ತಿ ಜನ ಕ್ರೈಸ್ತರೇ. ಭಾನುವಾರ ನಮಗಿಂತ ಮೊದಲು ಚರ್ಚಿಗೆ ಬಂದು ಕೂತಿರುತ್ತಾರೆ. ನಮಗಿಂತ ಚೆನ್ನಾಗಿ ಹಾಡುತ್ತಾರೆ. ನಾನು ಮಲೇರಿಯಾ ಸ್ಲೈಡ್ ನೋಡುತ್ತೇನೆ, ಕಫ ಪರೀಕ್ಷೆ ಮಾಡುತ್ತೇನೆ, ರಕ್ತದ ಗುಂಪು ಹೇಳುತ್ತೇನೆ. ಮಿಷನರಿ ಅನ್ನುವುದು ಕಾಗದದ ಮೇಲಿರುವ ಹೆಸರು, ಅಷ್ಟೇ.

ಹೊರಗಿನಿಂದ ಕೆಲಸಕ್ಕೆ ಬರುವ ಕುಟುಂಬಗಳನ್ನು ನೋಡಿಕೊಳ್ಳುವ ಕಮಿಟಿಯಲ್ಲೂ ಈಗ ನನ್ನನ್ನು ಹಾಕಿದ್ದಾರೆ. ನರ್ಸುಗಳು ಬರುತ್ತಾರೆ, ಡಾಕ್ಟರು ಬರುತ್ತಾರೆ, ಲೆಕ್ಕ ನೋಡುವವರು ಬರುತ್ತಾರೆ. ಕೆಲವರು ಒಪ್ಪಂದ ಮುಗಿಯುವ ಮುಂಚೆಯೇ ಪೆಟ್ಟಿಗೆ ಕಟ್ಟುತ್ತಾರೆ. ಕೆಲಸ ಕಷ್ಟವಾಯಿತು ಅಂತ ಹೊರಟವರನ್ನು ನಾನು ನೋಡಿಲ್ಲ. ಕೆಲಸಕ್ಕೆ ಬಂದವರು ಹೇಗೋ ನಿಂತುಬಿಡುತ್ತಾರೆ. ಅವರ ಜೊತೆ ಬಂದವರು ನಿಲ್ಲುತ್ತಾರಾ ಇಲ್ವಾ ಅನ್ನುವುದರ ಮೇಲೆ ಎಲ್ಲವೂ ನಿಂತಿರುತ್ತದೆ. ನನ್ನ ಕೆಲಸದಲ್ಲಿ ನಾನು ಕಲಿತ ದೊಡ್ಡ ಪಾಠ ಇದೇ. ಇದಕ್ಕೂ ಲ್ಯಾಬಿಗೂ ಏನು ಸಂಬಂಧ ಅಂತ ಆಮೇಲೆ ಹೇಳುತ್ತೇನೆ.

ನಾವಿರುವುದು ಆ ದೇಶದ ನ್ಯೂ ಬ್ರಿಟನ್ ದ್ವೀಪದ ಪೂರ್ವದ ತುದಿಯಲ್ಲಿ, ಕೊಕೊಪೊ ಪೇಟೆಯಿಂದ ಸ್ವಲ್ಪ ಒಳಗೆ. ಮಂಗಳೂರಿನವರಾದ ನಮಗೆ ಇದು ಸುಲಭ ಅಂತ ಎಲ್ಲರೂ ಹೇಳಿದ್ದರು. ನೋಡಲಿಕ್ಕೆ ಹಾಗೆಯೇ ಇದೆ. ಅದೇ ಬೆವರು, ಅದೇ ತೆಂಗಿನ ತೋಟ, ಅದೇ ಮೀನಿನ ವಾಸನೆಯ ಗಾಳಿ. ಹಿತ್ತಲಲ್ಲಿ ಕೆಸು, ಬಾಳೆ, ಗೆಣಸು. ಎಲ್ಲರ ಬಾಯಲ್ಲೂ ಅಡಿಕೆ. ಆದರೆ ಹತ್ತಿರ ಹೋದರೆ ಒಂದೊಂದೂ ಬೇರೆ. ಅಡಿಕೆಯನ್ನು ಇವರು ಒಣಗಿಸುವುದಿಲ್ಲ. ಹಸಿರು ಕಾಯನ್ನೇ ಹಲ್ಲಿನಲ್ಲಿ ಸುಲಿದು ಬಾಯಿಗೆ ಹಾಕುತ್ತಾರೆ. ವೀಳ್ಯದೆಲೆಯ ಬದಲು ಆ ಬಳ್ಳಿಯ ಉದ್ದನೆಯ ಕಾಯಿ. ಅದನ್ನು ಹವಳ ಸುಟ್ಟು ಮಾಡಿದ ಸುಣ್ಣಕ್ಕೆ ಅದ್ದಿ ಕಚ್ಚುತ್ತಾರೆ. ಪುತ್ತೂರಿನ ಅಡಿಕೆ ಬೆಳೆಗಾರರು ಯಾರಾದರೂ ನೋಡಿದರೆ ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ. ಮಳೆಯೂ ಉಲ್ಟಾ. ಜೋರು ಮಳೆ ಬರುವುದು ಡಿಸೆಂಬರಿನಿಂದ ಏಪ್ರಿಲ್‌ವರೆಗೆ. ಕ್ರಿಸ್ಮಸ್ಸಿಗೆ ಬಟ್ಟೆ ಒಣಗುವುದಿಲ್ಲ.

ಮತ್ತೆ ನೆಲ. ಹತ್ತಿರದ ರಬೌಲ್ ಒಂದು ಕಾಲಕ್ಕೆ ಚಂದದ ಪೇಟೆಯಾಗಿತ್ತಂತೆ. 1994ರ ಸೆಪ್ಟೆಂಬರ್ 19ರಂದು ಟವುರ್ವುರ್ ಮತ್ತು ವಲ್ಕನ್ ಅನ್ನುವ ಎರಡು ಜ್ವಾಲಾಮುಖಿಗಳು ಒಟ್ಟಿಗೆ ಸಿಡಿದವು. ಬೂದಿಯ ಭಾರಕ್ಕೆ ಮಾಡುಗಳು ಕುಸಿದವು, ಊರು ಹೂತುಹೋಯಿತು. ಹಿಂದಿನ ರಾತ್ರಿಯ ನಡುಕಕ್ಕೇ ಜನ ಎದ್ದು ಹೊರಟಿದ್ದರಿಂದ ಸತ್ತವರು ಬೆರಳೆಣಿಕೆಯಷ್ಟು. 1937ರಲ್ಲಿ ಅದೇ ಜಾಗದಲ್ಲಿ 500ರಷ್ಟು ಜನ ಸತ್ತಿದ್ದರು. ಈಗ ಸರ್ಕಾರಿ ಆಫೀಸು, ಪೇಟೆ ಎಲ್ಲ ಕೊಕೊಪೊದಲ್ಲಿ. ಭೂಮಿ ಅಲುಗುವುದಕ್ಕೆ ಇಲ್ಲಿ ಗುರಿಯಾ ಅನ್ನುತ್ತಾರೆ. ಶುರುವಿನಲ್ಲಿ ಕಪಾಟಿನ ಗ್ಲಾಸು ಕಿಣಿಕಿಣಿ ಅಂದರೆ ನಾವು ನಾಲ್ಕೂ ಜನ ಅಂಗಳಕ್ಕೆ ಓಡುತ್ತಿದ್ದೆವು. ಈಗ ಮಕ್ಕಳು ಹೋಂವರ್ಕ್ ಪುಸ್ತಕದಿಂದ ತಲೆಯೂ ಎತ್ತುವುದಿಲ್ಲ. ಸಣ್ಣದು ಯಾವುದು, ಓಡಬೇಕಾದದ್ದು ಯಾವುದು ಅಂತ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಮಕ್ಕಳ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಮಕ್ಕಳು ಹೊಂದಿಕೊಳ್ಳುತ್ತಾರೆ. ಟೋಕ್ ಪಿಸಿನ್ ಅನ್ನುವ ಇಲ್ಲಿನ ಸಂಪರ್ಕ ಭಾಷೆಯನ್ನು ನಾವು ಪುಸ್ತಕ ಹಿಡಿದು ಕಲಿಯುವಾಗ ಅವರು ಅದರಲ್ಲಿ ಜಗಳ ಮಾಡುತ್ತಿದ್ದರು. ಅಜ್ಜಿಗೆ ಫೋನ್ ಮಾಡುವ ಹೊತ್ತು ಮಾತ್ರ ತೊಂದರೆ. ಇಲ್ಲಿ ರಾತ್ರಿ ಎಂಟೂವರೆ ಆದಾಗ ಊರಲ್ಲಿ ಸಂಜೆ ನಾಲ್ಕು. ಅಜ್ಜಿ ಚಹಾ ಕುಡಿದು ಹುರುಪಿನಲ್ಲಿರುತ್ತಾರೆ, ಇವರು ತೂಕಡಿಸುತ್ತಿರುತ್ತಾರೆ.

ಜ್ವರದ ಬಗ್ಗೆ ಮಾತ್ರ ಹೇಳಲೇಬೇಕು. ಮಂಗಳೂರಿನಲ್ಲಿ ಲ್ಯಾಬ್ ಕೆಲಸ ಕಲಿತವರಿಗೆ ಮಲೇರಿಯಾ ಹೊಸದಲ್ಲ. ಅಲ್ಲಿ ನೋಡಿದ್ದು ಹೆಚ್ಚಾಗಿ ವೈವಾಕ್ಸ್ ಅನ್ನುವ ಬಗೆ. ಇಲ್ಲಿ ಫಾಲ್ಸಿಪಾರಂ ಕೂಡ ದಂಡಿಯಾಗಿದೆ. ಪಠ್ಯಪುಸ್ತಕದಲ್ಲಿ ಮಾತ್ರ ನೋಡಿದ್ದ ಮಲೇರಿಯೆ, ಓವಾಲೆ ಕೂಡ ಆಗೊಮ್ಮೆ ಈಗೊಮ್ಮೆ ಸಿಗುತ್ತವೆ. ಮಗಳಿಗೆ ಮೊದಲ ಸಲ ಚಳಿಜ್ವರ ಬಂದಾಗ ಅವಳ ಸ್ಲೈಡನ್ನು ನಾನೇ ನೋಡಿದೆ. ವೈವಾಕ್ಸ್. ಉಬ್ಬಿದ ಕೆಂಪು ಕಣ, ಅದರೊಳಗೆ ಸಣ್ಣ ಸಣ್ಣ ಚುಕ್ಕಿ, ಯಾವ ಅನುಮಾನವೂ ಇರಲಿಲ್ಲ. ವೈವಾಕ್ಸ್ ಲಿವರಿನಲ್ಲಿ ಅಡಗಿ ಕೂತು ತಿಂಗಳುಗಳ ಮೇಲೆ ಮತ್ತೆ ಏಳುತ್ತದೆ. ಅದನ್ನು ಬೇರುಸಹಿತ ತೆಗೆಯಲು ಪ್ರಿಮಾಕ್ವಿನ್ ಮಾತ್ರೆ ಬೇಕು. ಅದನ್ನು ಕೊಡುವ ಮುಂಚೆ ರಕ್ತದಲ್ಲಿ ಜಿ6ಪಿಡಿ ಅನ್ನುವ ಕಿಣ್ವದ ಕೊರತೆ ಇದೆಯಾ ಅಂತ ನೋಡಬೇಕು. ಇದ್ದರೆ ಕೆಂಪು ಕಣಗಳು ಒಡೆದುಹೋಗುತ್ತವೆ. ಇದೆಲ್ಲ ನನಗೆ ಗೊತ್ತು. ಹಾಗಾಗಿ ನನಗೆ ಅಷ್ಟು ಹೆದರಿಕೆ ಆಗಲಿಲ್ಲ. ಮನೆಯಲ್ಲಿ ಮಗುವಿನ ಹಣೆ ಮೇಲೆ ಒದ್ದೆ ಬಟ್ಟೆ ಹಾಕಿ ಕೂತವರಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಅವರಿಗೆ ರಾತ್ರಿಯಿಡೀ ಕಣ್ಣು ಮುಚ್ಚಲಿಲ್ಲ. ಒಂದೇ ಮನೆ, ಒಂದೇ ಜ್ವರ. ಕೆಲಸ ಇದ್ದವರಿಗೂ ಇಲ್ಲದವರಿಗೂ ಇಷ್ಟು ವ್ಯತ್ಯಾಸ.

ಮನೆಯಲ್ಲಿ ಉಳಿದವರು ನನ್ನ ಗಂಡ. ಮಂಗಳೂರಿನಲ್ಲಿ ಒಂದು ಪ್ರೆಸ್ಸಿನಲ್ಲಿ ಬೈಂಡಿಂಗ್ ವಿಭಾಗ ನೋಡಿಕೊಳ್ಳುತ್ತಿದ್ದರು. ಕೆಲಸ ಸಿಕ್ಕಿದ್ದು ನನಗೆ, ಅವರು ಬಂದದ್ದು ಡಿಪೆಂಡೆಂಟ್ ವೀಸಾದಲ್ಲಿ. ಬೇರೆ ಪರ್ಮಿಟ್ ಇಲ್ಲದೆ ಸಂಬಳದ ಕೆಲಸ ಮಾಡುವಂತಿಲ್ಲ. ಬೆಳಿಗ್ಗೆ ನಾನು ಲ್ಯಾಬಿಗೆ, ಮಕ್ಕಳು ಶಾಲೆಗೆ. ಆಮೇಲೆ ಮನೆಯಲ್ಲಿ ಇವರು ಮತ್ತು ಮಳೆನೀರಿನ ಟ್ಯಾಂಕಿ. ಅಡುಗೆ ಚೆನ್ನಾಗಿಯೇ ಕಲಿತರು. ಕೊಕೊಪೊ ಮಾರ್ಕೆಟ್ಟಿನಿಂದ ಸೊಪ್ಪು, ಮೀನು ತಂದು ಪುಳಿಮುಂಚಿ ಮಾಡುವಷ್ಟು. ಆದರೆ ಒಬ್ಬ ಮನುಷ್ಯ ಎಷ್ಟು ಹೊತ್ತು ಅಡುಗೆ ಮಾಡಲು ಆಗುತ್ತದೆ? ಸಂಜೆ ನಾನು ಬಂದ ಕೂಡಲೇ ಇಡೀ ದಿನದ ಮಾತನ್ನು ಒಟ್ಟಿಗೆ ಆಡುತ್ತಿದ್ದರು. ನನಗೋ ಸುಮ್ನೆ ಕೂತರೆ ಸಾಕಾಗಿರುತ್ತಿತ್ತು.

ಹಳೆಯ ಮಿಷನ್ ಚರಿತ್ರೆ ಓದಿದವರಿಗೆ ಇದು ಹೊಸ ಕತೆಯಲ್ಲ. 1875ರಲ್ಲಿ ಮೆಥೊಡಿಸ್ಟ್ ಮಿಷನಿನ ಜಾರ್ಜ್ ಬ್ರೌನ್ ಇಲ್ಲಿಗೆ ಬಂದ ಅಂತ ಪುಸ್ತಕದಲ್ಲಿ ಇರುತ್ತದೆ. ಜೊತೆಗೆ ಬಂದ ಫಿಜಿ, ಸಮೋವಾದ ಬೋಧಕರು ಎರಡನೇ ಸಾಲಿನಲ್ಲಿ. ಅವರೊಂದಿಗೆ ಬಂದ ಹೆಂಡತಿಯರು ಎಲ್ಲಾದರೂ ಅಡಿಟಿಪ್ಪಣಿಯಲ್ಲಿ. 1878ರಲ್ಲಿ ಫಿಜಿಯ ನಾಲ್ವರು ಇಲ್ಲಿ ಕೊಲೆಯಾದರು. ಬ್ರೌನ್ ಅದಕ್ಕೆ ಪ್ರತೀಕಾರದ ದಾಳಿಯನ್ನೇ ಮಾಡಿಸಿದ. ಮಿಷನರಿಯೊಬ್ಬ ಹಾಗೆ ಮಾಡಬಹುದಿತ್ತಾ ಅಂತ ಆಗಲೇ ಗಲಾಟೆಯಾಗಿತ್ತು. ಕೊಂದವರ ವಂಶಸ್ಥರು 2007ರಲ್ಲಿ ಫಿಜಿಯವರನ್ನು ಕರೆಸಿ ಕ್ಷಮೆ ಕೇಳಿದರು. ಬ್ರೌನ್ ದಂಪತಿ ತಮ್ಮ ಪುಟ್ಟ ಮಕ್ಕಳನ್ನೂ ಈ ದ್ವೀಪಗಳಲ್ಲೇ ಮಣ್ಣು ಮಾಡಿದರು.

ನಮ್ಮ ಕಡೆಯೂ ಅಷ್ಟೇ. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. ಶಾಲೆ, ಮುದ್ರಣ, ಹಂಚಿನ ಕಾರ್ಖಾನೆ ಎಲ್ಲ ನಮಗೆ ಬಾಯಿಪಾಠ. ಆದರೆ ಆ ಮಿಷನರಿಗಳು ತಮ್ಮ ಮಕ್ಕಳನ್ನು ಚಿಕ್ಕ ವಯಸ್ಸಿಗೇ ಯುರೋಪಿಗೆ ಓದಲು ಕಳಿಸಿಬಿಡುತ್ತಿದ್ದರು ಅನ್ನುವುದನ್ನು ನಾವು ಯಾರೂ ಶಾಲೆಯಲ್ಲಿ ಓದಲಿಲ್ಲ. ಅದೇ ಮಿಷನಿನ ಹರ್ಮನ್ ಗುಂಡರ್ಟರ ಮಗಳು ಮೇರಿ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದಳು. ಪುಟ್ಟ ಹುಡುಗಿಯಾಗಿದ್ದಾಗಲೇ ಅವಳನ್ನು ಸ್ವಿಟ್ಜರ್ಲೆಂಡಿನಲ್ಲಿ ಬಿಟ್ಟು ಬಂದರು. ಮತ್ತೆ ಅಪ್ಪ ಅಮ್ಮನ ಹತ್ತಿರ ಬಂದದ್ದು 1857ರಲ್ಲಿ. ನನ್ನ ಮಗಳು ಹೈಸ್ಕೂಲಿಗೆ ಬರುತ್ತಿದ್ದಾಳೆ, ಊರಿನ ಹಾಸ್ಟೆಲಿಗೆ ಕಳಿಸಿ ಅಂತ ನೆಂಟರು ದಿನಾ ಮೆಸೇಜ್ ಮಾಡುತ್ತಾರೆ. ಆಗೆಲ್ಲ ನನಗೆ ಆ ಮೇರಿ ನೆನಪಾಗುತ್ತಾಳೆ. ನಾನಂತೂ ಕಳಿಸುವುದಿಲ್ಲ.

ನನ್ನ ಗಂಡನ ದಿನ ತುಂಬಿದ್ದು ನಾವು ಹುಡುಕಿದ ದಾರಿಯಿಂದಲ್ಲ. ಇಲ್ಲಿನ ಟೋಲಾಯಿ ಜನರಲ್ಲಿ ಕುಲ ತಾಯಿಯ ಕಡೆಯಿಂದ ಬರುತ್ತದೆ. ಜಮೀನು ತಾಯಿಯ ಕುಲದ್ದು. ಮಕ್ಕಳು ತಾಯಿಯ ಕುಲಕ್ಕೆ ಸೇರಿದವರು, ಮದುವೆ ಬೇರೆ ಗುಂಪಿನಲ್ಲೇ ಆಗಬೇಕು. ತುಳುನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಅಳಿಯಕಟ್ಟು, ಬರಿ ಅನ್ನುವ ನಮ್ಮ ತಾಯಿ ಕಡೆಯ ಕುಲಗಳು. ನಮ್ಮ ಅಜ್ಜಂದಿರು ಹಳೆಯ ಮತ ಬಿಟ್ಟು ಕ್ರೈಸ್ತರಾದರೂ ಯಾವ ಬರಿ ಅಂತ ಮರೆತಿರಲಿಲ್ಲ. ಪಕ್ಕದ ಮನೆಯ ಅಕ್ಕನಿಗೆ ಇದನ್ನು ನನ್ನ ಹರಕು ಟೋಕ್ ಪಿಸಿನ್‌ನಲ್ಲಿ ಹೇಳಿದೆ. ಅವರಿಗೆ ಎಷ್ಟು ಖುಷಿಯಾಯಿತೆಂದರೆ ಅಡಿಕೆ ಉಗಿದು ಬಂದು ಇನ್ನೊಮ್ಮೆ ಹೇಳಿಸಿದರು. ಆವತ್ತಿನಿಂದ ನಾನು ಅವರಿಗೆ ತಂಗಿ. ಅಂದ ಮೇಲೆ ಇವರು ಭಾವ. ಭಾವನಿಗೆ ಇಲ್ಲಿ ಸುಮ್ಮನೆ ಮನೆಯಲ್ಲಿ ಕೂರುವ ಹಕ್ಕಿಲ್ಲ.

ಮೊದಲು ಒಂದು ತುಂಡು ಜಾಗ ತೋರಿಸಿದರು. ತೋಟ ಮಾಡಿ ಅಂದರು. ಆಸ್ಪತ್ರೆಯವರು ಅಂಗಡಿಯ ಅಕ್ಕಿ, ಡಬ್ಬಿ ಮೀನು ತಿನ್ನುವುದನ್ನು ನೋಡಿ ಅವರಿಗೆ ಪಾಪ ಅನಿಸುತ್ತಿತ್ತಂತೆ. ತೋಟ ಇಲ್ಲದವರು ಬಡವರು, ಸಂಬಳ ಎಷ್ಟೇ ಇರಲಿ. ಇವರು ಕೆಸು, ಗೆಣಸು, ಬಾಳೆ ಹಾಕಿದರು. ನೆಲದಲ್ಲಿ ಜ್ವಾಲಾಮುಖಿಯ ಬೂದಿ ಇದೆಯಲ್ಲ, ಊರಿನ ಮುರಕಲ್ಲಿನ ಮಣ್ಣಿನಲ್ಲಿ ಒದ್ದಾಡಿದವರಿಗೆ ನಂಬಲಿಕ್ಕೆ ಆಗದ ಹಾಗೆ ಬೆಳೆಯಿತು. ಆಮೇಲೆ ಕರೆಗಳು ಶುರುವಾದವು. ಸಾವಿನ ಮನೆಗೆ ಬಾಳೆಗೊನೆ ಹೊರಬೇಕು. ಕಲ್ಲು ಕಾಯಿಸಿ ಹೊಂಡದಲ್ಲಿ ಬೇಯಿಸುವ ಮುಮು ಅಡುಗೆಗೆ ಹೊಂಡ ತೋಡಬೇಕು. ಚರ್ಚಿನ ಹರಿದ ಹಾಡಿನ ಪುಸ್ತಕಗಳಿಗೆ ಹೊಲಿಗೆ ಹಾಕಬೇಕು. ಈ ಕೊನೆಯದರಲ್ಲಿ ಅವರಿಗೆ ಸಿಕ್ಕ ಮರ್ಯಾದೆ ಪ್ರೆಸ್ಸಿನಲ್ಲೂ ಸಿಕ್ಕಿರಲಿಲ್ಲ.

ಸಾವಿನ ಮನೆಯಲ್ಲಿ ಟಬು ಹಂಚುವುದನ್ನು ನಾವು ನೋಡಿದ್ದು ಹೀಗೆಯೇ. ಪುಟ್ಟ ಕಡಲ ಬಸವನಹುಳುವಿನ ಚಿಪ್ಪುಗಳನ್ನು ಬೆತ್ತದ ಎಳೆಗೆ ಪೋಣಿಸಿದ ಹಣ ಅದು. ಮಾರುಗಟ್ಟಲೆ ಅಳೆಯುತ್ತಾರೆ, ದೊಡ್ಡ ಚಕ್ರದಂತೆ ಸುತ್ತಿ ಇಡುತ್ತಾರೆ. ಬ್ಯಾಂಕಿನ ಕಿನಾ ನೋಟೂ ಇದೆ. ಆದರೆ ಸಾವಿಗೆ, ಮದುವೆಗೆ ಟಬು ಬೇಕು. ಸತ್ತವರ ಟಬುವನ್ನು ತುಂಡು ಮಾಡಿ ಬಂದವರಿಗೆಲ್ಲ ಹಂಚುತ್ತಾರೆ. ಇವರ ಕೈಗೂ ಒಂದು ತುಂಡು ಬಂತು. ತೆಗೆದುಕೊಂಡರೆ ಮುಂದೆ ಯಾವತ್ತಾದರೂ ತಿರುಗಿಸಬೇಕಾಗುತ್ತದೆ. ಅದು ಗೊತ್ತಿದ್ದೇ ತೆಗೆದುಕೊಂಡರು. ಕೊಡಲಿಕ್ಕೆ ಬಂದವರು ಅಂತ ನಮ್ಮನ್ನು ಕಳಿಸಿದ್ದರು. ಇಲ್ಲಿನವರಿಗೆ ನಾವು ಲೆಕ್ಕಕ್ಕೆ ಸಿಕ್ಕಿದ್ದು ತೆಗೆದುಕೊಂಡ ಮೇಲೆ.

ಈಗ ಲ್ಯಾಬಿನ ವಿಷಯ. ಕ್ಷಯಕ್ಕೆ ಆರು ತಿಂಗಳ ಮಾತ್ರೆ. ಎರಡನೇ ತಿಂಗಳಿಗೆ ಕೆಮ್ಮು ನಿಲ್ಲುತ್ತದೆ, ಮೈ ತುಂಬುತ್ತದೆ. ಅಷ್ಟಕ್ಕೇ ಮಾತ್ರೆಯೂ ನಿಂತುಬಿಡುತ್ತದೆ. ಎರಡನೇ ತಿಂಗಳು, ಐದನೇ ತಿಂಗಳು, ಕೊನೆಗೆ ಅಂತ ಕಫ ತಂದು ಕೊಡಬೇಕು. ಐದನೇ ತಿಂಗಳ ಡಬ್ಬಿಗಳು ನನ್ನ ಮೇಜಿಗೆ ಬರುವುದೇ ಕಡಿಮೆ ಇತ್ತು. ಒಳಗಿನ ತೋಟದ ಗುಡಿಸಲುಗಳಿಗೆ ಹೋದವರನ್ನು ಎಲ್ಲಿ ಅಂತ ಹುಡುಕುವುದು? ರೋಗಿಗಳ ಹೆಸರನ್ನು ನಾನು ಮನೆಯಲ್ಲಿ ಹೇಳುವುದಿಲ್ಲ, ಇವರೂ ಕೇಳುವುದಿಲ್ಲ. ಆದರೆ ಮುಮು ಹೊಂಡದ ಹತ್ತಿರ ಕೂತಾಗ ಜನ ತಾವಾಗಿಯೇ ನನ್ನ ಪಕ್ಕಕ್ಕೆ ಬಂದು ಹೇಳತೊಡಗಿದರು, ‘ತಂಗೀ, ನಾನು ಮಾತ್ರೆ ಬಿಟ್ಟಿದ್ದೇನೆ, ಬಂದರೆ ನರ್ಸು ಬಯ್ಯುತ್ತಾರಾ?’ ಬಯ್ಯುವುದಿಲ್ಲ, ಸೋಮವಾರ ಬನ್ನಿ ಅಂದೆ. ಬಂದರು. ಎಲ್ಲರೂ ಅಲ್ಲ. ಆದರೂ ನನ್ನ ಮೇಜಿನ ಮೇಲೆ ಡಬ್ಬಿ ಜಾಸ್ತಿಯಾದದ್ದು ನನಗೆ ಕಾಣುತ್ತದೆ. ಬಿಳಿ ಕೋಟಿನ ನನ್ನನ್ನು ಅವರು ನಂಬಿದ್ದಲ್ಲ. ಬಾಳೆಗೊನೆ ಹೊತ್ತು ಬಂದ ಭಾವನ ಹೆಂಡತಿಯನ್ನು ನಂಬಿದರು.

ಹಾಗಾಗಿ ಕಮಿಟಿಯಲ್ಲಿ ನಾನು ಒಂದು ಪ್ರಶ್ನೆ ಸೇರಿಸಿದ್ದೇನೆ. ಅದು ಕೆಲಸಕ್ಕೆ ಬರುವವರಿಗಲ್ಲ, ಜೊತೆಗೆ ಬರುವವರಿಗೆ. ‘ಇಲ್ಲಿಗೆ ಬಂದ ಮೇಲೆ ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ಏನು ಮಾಡುತ್ತೀರಿ?’ ‘ಪ್ರಾರ್ಥನೆ ಮಾಡುತ್ತೇನೆ’ ಅಂದವರಿದ್ದಾರೆ. ಒಳ್ಳೆಯದೇ. ಹನ್ನೊಂದು ಗಂಟೆಗೆ? ‘ಇಂಟರ್‌ನೆಟ್‌ನಲ್ಲಿ ಏನಾದರೂ ಕೋರ್ಸ್’ ಅನ್ನುವವರು ಜಾಸ್ತಿ. ಅವರಿಗೆ ಇಲ್ಲಿನ ನೆಟ್‌ವರ್ಕ್ ಬಗ್ಗೆ ನಿಜ ಹೇಳಬೇಕಾಗುತ್ತದೆ. ಸರಿಯಾದ ಉತ್ತರ ಅಂತ ಒಂದಿಲ್ಲ. ಆದರೆ ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರೆ ಅವರು ಈ ಮಾತನ್ನು ಆಡಿಯೇ ಇಲ್ಲ ಅಂತ ಗೊತ್ತಾಗುತ್ತದೆ. ಆಗ ಇನ್ನೊಂದು ದಿನ ಕೂತು ಮಾತಾಡುತ್ತೇವೆ.

ಇನ್ನೊಂದು ಬದಲಾವಣೆ ಭಾಷೆಯದು. ಮೊದಲು ಟೋಕ್ ಪಿಸಿನ್ ತರಗತಿ ಸಂಬಳದವರಿಗೆ ಮಾತ್ರ ಇತ್ತು. ಈಗ ಇಬ್ಬರೂ ಕೂರಬೇಕು, ಕೆಲಸಕ್ಕೆ ಸೇರುವ ಮುಂಚೆಯೇ. ಇದಕ್ಕೆ ಆಫೀಸಿನಲ್ಲಿ ಗೊಣಗಾಟ ಇತ್ತು, ಖರ್ಚು ಎರಡು ಪಟ್ಟು ಅಂತ. ಅರ್ಧಕ್ಕೆ ವಾಪಸ್ ಹೋಗುವ ಒಂದು ಕುಟುಂಬದ ವಿಮಾನದ ಟಿಕೆಟ್ಟು ಎಷ್ಟಾಗುತ್ತದೆ ಅಂತ ನಮ್ಮ ಲೆಕ್ಕದವರೇ ಕೂಡಿಸಿ ತೋರಿಸಿದ ಮೇಲೆ ಸುಮ್ಮನಾದರು. ಮುಂದಿನ ಸಲ ಬರುವವರಲ್ಲಿ ಇಬ್ಬರು ನರ್ಸುಗಳ ಗಂಡಂದಿರಿದ್ದಾರೆ. ಅವರಿಗೆ ತೋಟದ ಕೆಲಸ ತಾನೇ ಹೇಳಿಕೊಡುತ್ತೇನೆ ಅಂತ ಇವರು ಈಗಲೇ ಹಾರೆ ಹರಿತ ಮಾಡಿ ಇಟ್ಟಿದ್ದಾರೆ. ಸಂಬಳ ಕೊಡುವ ಹಾಗಿಲ್ಲ, ಮಧ್ಯಾಹ್ನದ ಊಟ ಕೊಡಬಹುದು ಅಂತ ಆಫೀಸಿನವರು ಬರೆದು ಕಳಿಸಿದ್ದಾರೆ.