ಆರೈಕೆ ಕೇಂದ್ರ ಒಳ್ಳೆಯದೋ ಅಲ್ಲವೋ? ಕೇಳಲಾರದವರ ಹಾಸಿಗೆಯ ಬಳಿ ನಿಂತು ನೋಡಿ

ಪರಿಚಯದವರು, ಅವರ ಪರಿಚಯದವರು ಫೋನ್ ಮಾಡಿ ನನ್ನನ್ನು ಕೇಳುವ ಪ್ರಶ್ನೆ ಒಂದೇ. "ಅಮ್ಮನನ್ನು ಹಿರಿಯರ ಆರೈಕೆ ಕೇಂದ್ರಕ್ಕೆ ಸೇರಿಸಬೇಕಾಗಿದೆ. ಅಲ್ಲಿ ಚೆನ್ನಾಗಿ ನೋಡಿಕೊಳ್ಳುತ್ತಾರೋ ಇಲ್ಲವೋ ಎಂದು ತಿಳಿಯುವುದು ಹೇಗೆ?" ನಾನು ಬಹಳ ವರ್ಷ ಹಾಸಿಗೆ ಹಿಡಿದ ಹಿರಿಯರ ನಡುವೆ ನರ್ಸ್ ಆಗಿ ದುಡಿದವಳು, ಅದಕ್ಕೇ ಕೇಳುತ್ತಾರೆ. ಪ್ರಶ್ನೆಯ ಬೆನ್ನಿಗೇ ಫೋಟೋಗಳೂ ಬರುತ್ತವೆ: ಹೊಳೆಯುವ ನೆಲ, ಕಿಟಕಿಗೆ ಹೊಸ ಪರದೆ, ಅಂಗಳದ ತುಂಬ ಹೂಕುಂಡ. ಅವುಗಳಲ್ಲಿ ಒಬ್ಬರೇ ಒಬ್ಬ ಹಿರಿಯರೂ ಕಾಣುವುದಿಲ್ಲ.

ನಾನು ಹೇಳುವುದು ಇಷ್ಟು. ತನಗೆ ಬೇಕಾದದ್ದನ್ನು ಬಾಯಿಬಿಟ್ಟು ಕೇಳಲಾರದವರು ಆ ಕೇಂದ್ರದಲ್ಲಿ ಯಾರಿದ್ದಾರೆ ಎಂದು ಹುಡುಕಿ. ಕರೆಗಂಟೆ ಒತ್ತಲು ಕೈ ಏಳದವರು, ಮರೆಗುಳಿತನದಲ್ಲಿ ಮಾತು ಕಳೆದುಕೊಂಡವರು, ನೋಡಲು ಯಾರೂ ಬಾರದವರು. ಅವರ ಹಾಸಿಗೆಯ ಬಳಿ ಹತ್ತು ನಿಮಿಷ ನಿಲ್ಲಿ. ಕೇಳಬಲ್ಲವರು ಹೇಗೋ ಕೇಳಿ ಪಡೆದುಕೊಳ್ಳುತ್ತಾರೆ. ಕೇಳಲಾರದವರಿಗೆ ಸಿಗುವುದೆಲ್ಲ ಅಲ್ಲಿನವರು ತಾವಾಗಿಯೇ ಮಾಡುವ ಆರೈಕೆ. ನಿಮ್ಮ ತಾಯಿ ಇಂದು ನಡೆದುಕೊಂಡೇ ಒಳಗೆ ಹೋಗಬಹುದು, ಮುಂದೊಂದು ದಿನ ಅವರೂ ಅಂಥದ್ದೇ ಹಾಸಿಗೆಯಲ್ಲಿ ಮಲಗಬೇಕಾಗಬಹುದು.

ಹಾಗೆಂದು ಯಾರ ಹೊದಿಕೆಯನ್ನೂ ಸರಿಸಬೇಡಿ, ಫೋಟೋ ತೆಗೆಯಬೇಡಿ. ನಿಂತಲ್ಲಿಂದಲೇ ಬೇಕಾದಷ್ಟು ಕಾಣುತ್ತದೆ. ನೀರಿನ ಲೋಟ ಕೈಗೆ ಎಟಕುವಷ್ಟು ಹತ್ತಿರ ಇದೆಯೇ? ವಯಸ್ಸಾದಂತೆ ಬಾಯಾರಿಕೆಯ ಅರಿವೇ ಕಡಿಮೆಯಾಗುತ್ತದೆ. ಲೋಟ ತುಂಬಿ ಇಟ್ಟರೆ ಸಾಲದು, ಹಿಡಿದು ಕುಡಿಸುವವರು ಬೇಕು. ತುಟಿ ಒಡೆದಿದೆಯೇ, ನಾಲಗೆ ಒಣಗಿದೆಯೇ, ಉಗುರಿನ ಸಂದಿಯಲ್ಲಿ ಕೊಳೆ ಕೂತಿದೆಯೇ, ಕನ್ನಡಕ ಮುಖದ ಮೇಲಿದೆಯೇ ಅಥವಾ ಡ್ರಾಯರಿನಲ್ಲಿದೆಯೇ ನೋಡಿ.

ಆಮೇಲೆ ಹಾಸಿಗೆ ಹುಣ್ಣಿನ ಬಗ್ಗೆ ಕೇಳಿ. ಈ ಒಂದು ವಿಷಯ ಕೇಂದ್ರದ ಬಗ್ಗೆ ಉಳಿದೆಲ್ಲಕ್ಕಿಂತ ಹೆಚ್ಚು ಹೇಳುತ್ತದೆ ಎಂಬುದು ನನ್ನ ನಂಬಿಕೆ. ಒಂದೇ ಮಗ್ಗುಲಲ್ಲಿ ಬಹಳ ಹೊತ್ತು ಮಲಗಿದರೆ ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕಿದ ಚರ್ಮಕ್ಕೆ ರಕ್ತ ಹರಿಯುವುದು ನಿಲ್ಲುತ್ತದೆ. ಹಿಮ್ಮಡಿ, ಸೊಂಟದ ಕೆಳಭಾಗ, ತೊಡೆಯ ಮೇಲ್ಗಡೆಯ ಮೂಳೆ, ಇವೇ ಮೊದಲು ಕೆಡುವ ಜಾಗಗಳು. ಚರ್ಮ ಕೆಂಪಾಗಿ, ಬೆರಳಿನಿಂದ ಒತ್ತಿದರೂ ಆ ಕೆಂಪು ಬಿಳಿಚಿಕೊಳ್ಳದಿದ್ದರೆ ಹುಣ್ಣು ಆಗಲೇ ಶುರುವಾಗಿದೆ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣದೇ ಇರಬಹುದು. ಸುತ್ತಲಿನ ಚರ್ಮಕ್ಕಿಂತ ಆ ಜಾಗ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಎಂದು ಮುಟ್ಟಿ ನೋಡಬೇಕು. ಮುಟ್ಟಿ ನೋಡದ ಕೇಂದ್ರದಲ್ಲಿ ಅಂಥವರ ಹುಣ್ಣು ಚರ್ಮ ಒಡೆದ ಮೇಲೆಯೇ ಗೊತ್ತಾಗುವುದು.

ಯಾರಿಗೆ ಹುಣ್ಣಾಗುವ ಅಪಾಯ ಹೆಚ್ಚು ಎಂದು ಮೊದಲೇ ಗುರುತಿಸುವ ವಿಧಾನಗಳು ದಾದಿಯರ ಕೈಯಲ್ಲಿವೆ. ಬ್ರಿಟನ್ನಿನ ನರ್ಸ್ ಡೋರೀನ್ ನಾರ್ಟನ್ 1962ರಲ್ಲಿ ಒಂದು ಅಂಕಪಟ್ಟಿ ರೂಪಿಸಿದರು. 1987ರಲ್ಲಿ ಅಮೆರಿಕದಲ್ಲಿ ಬಂದ ಬ್ರೇಡನ್ ಪಟ್ಟಿ ಇಂದು ಬಹಳ ಕಡೆ ಬಳಕೆಯಲ್ಲಿದೆ. ಅದರಲ್ಲಿ 6ರಿಂದ 23ರವರೆಗೆ ಅಂಕ, 18 ಅಥವಾ ಅದಕ್ಕಿಂತ ಕಡಿಮೆ ಬಂದರೆ ಸಾಮಾನ್ಯವಾಗಿ ಅಪಾಯವಿದೆ ಎಂದೇ ಲೆಕ್ಕ. "ಸೇರಿಸಿಕೊಂಡ ದಿನ ಅಮ್ಮನ ಚರ್ಮ ನೋಡುತ್ತೀರಾ? ಯಾವ ಪಟ್ಟಿಯಲ್ಲಿ ಅಂಕ ಹಾಕುತ್ತೀರಿ?" ಎಂದು ನೇರವಾಗಿ ಕೇಳಿ. ಪ್ರಶ್ನೆಯೇ ಅರ್ಥವಾಗದಂತೆ ಅವರು ಮುಖ ಮುಖ ನೋಡಿದರೆ ನಿಮಗೆ ಉತ್ತರ ಸಿಕ್ಕಿತು. ಮುಂದಿನ ಪ್ರಶ್ನೆ: "ಈಗ ಇಲ್ಲಿ ಎಷ್ಟು ಜನರಿಗೆ ಹುಣ್ಣಿದೆ? ಅದರಲ್ಲಿ ಇಲ್ಲಿಗೆ ಬಂದ ಮೇಲೆ ಆದದ್ದು ಎಷ್ಟು?" ಹಾಸಿಗೆ ಹಿಡಿದವರೇ ತುಂಬಿರುವ ಕೇಂದ್ರದವರು "ನಮ್ಮಲ್ಲಿ ಯಾರಿಗೂ ಯಾವತ್ತೂ ಆಗಿಲ್ಲ" ಎಂದರೆ ನಾನು ನಂಬುವುದಿಲ್ಲ. "ಇಬ್ಬರಿಗಿದೆ, ಒಬ್ಬರಿಗೆ ಇಲ್ಲೇ ಆಯಿತು, ಈಗ ಹೀಗೆ ನೋಡಿಕೊಳ್ಳುತ್ತಿದ್ದೇವೆ" ಎನ್ನುವವರನ್ನು ನಂಬುತ್ತೇನೆ.

ಮಗ್ಗುಲು ಬದಲಿಸಿದ ದಾಖಲೆಯನ್ನೂ ತೋರಿಸುವಂತೆ ಕೇಳಿ. ತಾವಾಗಿ ಹೊರಳಲಾರದವರನ್ನು ಎರಡು ಗಂಟೆಗೊಮ್ಮೆ ಹೊರಳಿಸುವುದು ಹಳೆಯ ವಾಡಿಕೆ. ಹಾಸಿಗೆಯನ್ನೂ ಚರ್ಮದ ಸ್ಥಿತಿಯನ್ನೂ ನೋಡಿಕೊಂಡು ಅದು ಹೆಚ್ಚು ಕಡಿಮೆ ಆಗಬಹುದು. ಆ ಹಾಳೆಯಲ್ಲಿ ರಾತ್ರಿಯಿಡೀ ಸರಿಯಾಗಿ 12, 2, 4, 6 ಗಂಟೆ ಎಂದು ಒಂದೇ ಪೆನ್ನಿನಲ್ಲಿ, ಒಂದೇ ಓಘದಲ್ಲಿ ಬರೆದಿದ್ದರೆ ಬೆಳಗಿನ ಜಾವ ಯಾರೋ ಕೂತು ತುಂಬಿಸಿದ್ದಾರೆ ಎಂದೇ ಅರ್ಥ. ನಿಜವಾಗಿ ಹೊರಳಿಸಿದವರ ಹಾಳೆಯಲ್ಲಿ 2.10 ಇರುತ್ತದೆ, 4.25 ಇರುತ್ತದೆ, ಒಮ್ಮೊಮ್ಮೆ "ಎಡ ಮಗ್ಗುಲು ಒಲ್ಲೆ ಎಂದರು" ಎಂದೂ ಇರುತ್ತದೆ.

ಇಷ್ಟೆಲ್ಲ ಬಲ್ಲ ನಾನು ನನ್ನ ಅಪ್ಪನ ವಿಷಯದಲ್ಲಿ ಮೋಸ ಹೋದೆ. ಅದನ್ನು ಹೇಳದೆ ಈ ಉತ್ತರ ಪೂರ್ತಿಯಾಗುವುದಿಲ್ಲ. ಅಪ್ಪ ಕೊನೆಯ ಎರಡು ವರ್ಷ ಒಂದು ಕೇಂದ್ರದಲ್ಲಿದ್ದರು. ನಾನು ಭಾನುವಾರ ಬೆಳಿಗ್ಗೆ ಹೋಗುತ್ತಿದ್ದೆ. ಸ್ನಾನ ಮಾಡಿಸಿ, ತಲೆ ಬಾಚಿ, ಒಗೆದ ಬಟ್ಟೆ ಹಾಕಿ ಕೂರಿಸಿರುತ್ತಿದ್ದರು. ಹುಣ್ಣು ಇರಲಿಲ್ಲ, ತೂಕ ಇಳಿದಿರಲಿಲ್ಲ. ಆದರೆ ಅಪ್ಪ ವಾರದಿಂದ ವಾರಕ್ಕೆ ಮಾತು ಕಡಿಮೆ ಮಾಡುತ್ತ ಬಂದರು. ಕೇಳಿದ್ದಕ್ಕೆ ಸುಮ್ಮನೆ ನಗುತ್ತಿದ್ದರು. "ವಯಸ್ಸಾಯಿತಲ್ಲ, ಮರೆವು ಶುರುವಾಗಿದೆ" ಎಂದರು ಅಲ್ಲಿನವರು. ನಾನೂ ಒಪ್ಪಿಬಿಟ್ಟೆ. ಸುಮಾರು ಎರಡು ತಿಂಗಳ ಮೇಲೆ ಒಂದು ಸಂಜೆ ಅನಿರೀಕ್ಷಿತವಾಗಿ ಹೋದಾಗ, ಮಲಗಿಸುವ ಮೊದಲು ಬಿಚ್ಚಿಟ್ಟ ಶ್ರವಣಯಂತ್ರವನ್ನು ಕೈಗೆತ್ತಿಕೊಂಡೆ. ಅದರ ಬ್ಯಾಟರಿ ಮುಗಿದಿತ್ತು. ಪ್ರತಿದಿನ ಬೆಳಿಗ್ಗೆ ಅಚ್ಚುಕಟ್ಟಾಗಿ ಕಿವಿಗೆ ಇಡುತ್ತಿದ್ದರು, ಸಂಜೆ ತೆಗೆಯುತ್ತಿದ್ದರು. ಅಪ್ಪನಿಗೆ ಅದರಿಂದ ಏನಾದರೂ ಕೇಳಿಸುತ್ತದೆಯೇ ಎಂದು ಯಾರೂ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ.

ಅಂದಿನಿಂದ ನಾನು ಎಲ್ಲರಿಗೂ ಹೇಳುತ್ತೇನೆ: ಹೋಗುವ ಹೊತ್ತು ಬದಲಿಸಿ. ಊಟದ ಹೊತ್ತಿಗೆ ಒಮ್ಮೆ, ಸಂಜೆ ಪಾಳಿ ಬದಲಾಗುವ ಹೊತ್ತಿಗೆ ಒಮ್ಮೆ, ರಜಾದಿನದಲ್ಲಿ ಒಮ್ಮೆ. ಊಟ ಮಾಡಿಸುವವರು ಪಕ್ಕದಲ್ಲಿ ಕೂತು, ನುಂಗಿದ್ದನ್ನು ನೋಡಿ ಮುಂದಿನ ತುತ್ತು ಕೊಡುತ್ತಾರೆಯೇ? ಅಥವಾ ನಿಂತುಕೊಂಡೇ ಮೂರು ಜನರಿಗೆ ಸರದಿಯ ಮೇಲೆ ಚಮಚ ತುರುಕುತ್ತಾರೆಯೇ? ತೂಕದ ಪುಸ್ತಕವನ್ನೂ ಕೇಳಿ. ಬೇಕೆಂದು ಇಳಿಸದೆಯೇ ಒಂದು ತಿಂಗಳಲ್ಲಿ ಶೇಕಡ 5, ಆರು ತಿಂಗಳಲ್ಲಿ ಶೇಕಡ 10 ತೂಕ ಇಳಿದರೆ ಕಾರಣ ಹುಡುಕಲೇಬೇಕು. 60 ಕಿಲೋ ಇದ್ದವರಿಗೆ ತಿಂಗಳಲ್ಲಿ 3 ಕಿಲೋ ಇಳಿದದ್ದು ಕಣ್ಣಿಗೆ ಕಾಣದಿರಬಹುದು, ಪುಸ್ತಕದಲ್ಲಿ ಕಾಣುತ್ತದೆ.

ಅತಿಯಾದ ಶಾಂತಿ ನನಗೆ ಭಯ ಹುಟ್ಟಿಸುತ್ತದೆ. ಬೆಳಿಗ್ಗೆ ಹನ್ನೊಂದಕ್ಕೆ ಇಡೀ ಸಾಲು ಮಂಪರಿನಲ್ಲಿದ್ದರೆ ಔಷಧಿಯ ಪಟ್ಟಿ ಕೇಳಬೇಕು. ಮರೆಗುಳಿತನದ ಹಿರಿಯರು ಕೂಗಾಡುತ್ತಾರೆಂದು ಮನೋವಿಕಾರಕ್ಕೆ ಕೊಡುವ ಮಾತ್ರೆಗಳನ್ನು ಕೊಡುವ ಅಭ್ಯಾಸ ಬಹಳ ಕಡೆ ಇದೆ. ಅಂಥ ಹಿರಿಯರಲ್ಲಿ ಈ ಗುಂಪಿನ ಹೊಸ ಮಾತ್ರೆಗಳಿಂದ ಸಾವಿನ ಅಪಾಯ ಹೆಚ್ಚುತ್ತದೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲಿ ಎಚ್ಚರಿಸಿತು, 2008ರಲ್ಲಿ ಹಳೆಯ ಮಾತ್ರೆಗಳಿಗೂ ಆ ಎಚ್ಚರಿಕೆಯನ್ನು ವಿಸ್ತರಿಸಿತು. ಕೂಗುವವರಿಗೆ ನೋವಿರಬಹುದು, ಮಲಬದ್ಧತೆ ಇರಬಹುದು, ಮೂತ್ರದ ಸೋಂಕಿರಬಹುದು. ಮೊದಲು ಅದನ್ನು ಹುಡುಕುತ್ತಾರೆಯೇ ಎಂಬುದೇ ಮುಖ್ಯ. "ನಮ್ಮಲ್ಲಿ ಯಾರೂ ಬೀಳುವುದೇ ಇಲ್ಲ" ಎಂಬ ಹೆಮ್ಮೆಯ ಮಾತಿಗೂ ಇದನ್ನೇ ಹೇಳುತ್ತೇನೆ. ನಡೆದಾಡುವವರು ಒಮ್ಮೊಮ್ಮೆ ಬೀಳುತ್ತಾರೆ. ಯಾರೂ ಬೀಳುತ್ತಿಲ್ಲವೆಂದರೆ ಯಾರನ್ನೂ ಕುರ್ಚಿಯಿಂದ ಏಳಲು ಬಿಡುತ್ತಿಲ್ಲವೇನೋ. ಹೊಟ್ಟೆಗೆ ಪಟ್ಟಿ ಬಿಗಿದ ಕುರ್ಚಿಗಳಿವೆಯೇ ಎಂದು ಒಮ್ಮೆ ಕಣ್ಣಾಡಿಸಿ.

ವಾಸನೆಯ ಬಗ್ಗೆ ಎಲ್ಲರೂ ಕೇಳುತ್ತಾರೆ. ಬೆಳಿಗ್ಗೆ ಒಂದು ಕೋಣೆಯಲ್ಲಿ ಮೂತ್ರದ ವಾಸನೆ ಬಂದರೆ ಅದು ಸಹಜ, ಸಂಜೆಗೂ ಅಲ್ಲೇ ಇದ್ದರೆ ಸಹಜವಲ್ಲ.

ನಕ್ಷತ್ರ, ಶ್ರೇಯಾಂಕಗಳನ್ನು ನೋಡಿ, ಅಷ್ಟಕ್ಕೇ ನಿಲ್ಲಬೇಡಿ. ಅಮೆರಿಕದಲ್ಲಿ 2008ರಿಂದ ಇಂಥ ಕೇಂದ್ರಗಳಿಗೆ ಒಂದರಿಂದ ಐದು ನಕ್ಷತ್ರ ಕೊಡುತ್ತಾರೆ. ಸಿಬ್ಬಂದಿಯ ಲೆಕ್ಕವನ್ನು ಮೊದಲು ಕೇಂದ್ರಗಳೇ ಬರೆದುಕೊಡುತ್ತಿದ್ದವು. ಸಂಬಳದ ದಾಖಲೆಯಿಂದ ಲೆಕ್ಕ ಹಿಡಿಯಲು ಶುರುವಾದದ್ದು 2018ರಲ್ಲಿ. ನೀವು ಕೇಳಬೇಕಾದದ್ದೂ ಅದನ್ನೇ: ರಾತ್ರಿ ಪಾಳಿಯಲ್ಲಿ ಎಷ್ಟು ಜನರಿಗೆ ಎಷ್ಟು ಮಂದಿ? ಅವರಲ್ಲಿ ತರಬೇತಿ ಪಡೆದ ನರ್ಸ್ ಇದ್ದಾರೆಯೇ? ಇದನ್ನು ಕಚೇರಿಯಲ್ಲಿ ಕೇಳಿದ ಮೇಲೆ ನೆಲ ಒರೆಸುತ್ತಿರುವ ಆಯಾಳನ್ನೂ ಕೇಳಿ. ಎಷ್ಟು ವರ್ಷದಿಂದ ಇಲ್ಲಿದ್ದೀರಿ ಎಂದೂ ಕೇಳಿ. ಕೆಲಸದವರು ಮೂರು ತಿಂಗಳಿಗೊಮ್ಮೆ ಬದಲಾಗುವ ಕಡೆ ಯಾರ ಕಿವಿ ಮಂದ, ಯಾರಿಗೆ ಯಾವ ಮಗ್ಗುಲು ನೋವು ಎಂಬುದು ಯಾರ ನೆನಪಿನಲ್ಲೂ ಉಳಿಯುವುದಿಲ್ಲ. ಒಬ್ಬಳ ಮೇಲೆ ಇಪ್ಪತ್ತು ಜನರನ್ನು ಹೊರಿಸಿ ಆಕೆಗೆ ಕರುಣೆಯಿಲ್ಲ ಎಂದು ದೂರುವುದು ಅನ್ಯಾಯ, ಆ ದೂರು ಆಕೆಯನ್ನು ಒಂಟಿಯಾಗಿ ಬಿಟ್ಟವರಿಗೆ ಸಲ್ಲಬೇಕು.

ಕೊನೆಯದಾಗಿ, ಒಂದು ತಪ್ಪು ಕಂಡಾಗ ಹೇಳಿ ನೋಡಿ. ದಿನಾಂಕ ಹಾಕಿ ಬರೆದುಕೊಡಿ, ಒಂದು ಪ್ರತಿ ನಿಮ್ಮಲ್ಲಿರಲಿ. ಅವರು ಸಿಡುಕುತ್ತಾರೋ, ಕೈ ಮುಗಿದು ಮರೆಯುತ್ತಾರೋ, ಏನಾದರೂ ಮಾಡುತ್ತಾರೋ ಎಂಬುದು ಒಂದು ವಾರದಲ್ಲಿ ತಿಳಿಯುತ್ತದೆ. ಬ್ಯಾಟರಿಯ ವಿಷಯ ಹೇಳಿದಾಗ ಕಚೇರಿಯವರು ಕ್ಷಮೆ ಕೇಳಿ ಸುಮ್ಮನಾದರು. ಅಪ್ಪನನ್ನು ನೋಡಿಕೊಳ್ಳುತ್ತಿದ್ದ ಆಯಾ ಮಾತ್ರ ಎಲ್ಲವನ್ನೂ ಕೇಳಿಸಿಕೊಂಡು ನಿಂತಿದ್ದಳು. ಎರಡು ದಿನ ಬಿಟ್ಟು ಹೋದಾಗ ಅಪ್ಪನ ಹಾಸಿಗೆಯ ತಲೆಯ ಕಡೆ ಒಂದು ಚೀಟಿ ಅಂಟಿಸಿತ್ತು: "ಯಂತ್ರ ಹಾಕಿದ ಮೇಲೆ ಹೆಸರು ಹಿಡಿದು ಕರೆಯಿರಿ. ತಿರುಗಿ ನೋಡದಿದ್ದರೆ ಬ್ಯಾಟರಿ ಬದಲಿಸಿ." ಕೆಳಗೆ ಬ್ಯಾಟರಿ ಹಾಕಿದ ದಿನಾಂಕ. ಅದೇ ಸಾಲಿನ ಇನ್ನೆರಡು ಹಾಸಿಗೆಗಳ ಮೇಲೂ ಅದೇ ಕೈಬರಹದ ಚೀಟಿಗಳಿದ್ದವು. ಆ ಇಬ್ಬರನ್ನೂ ನೋಡಲು ಯಾರೂ ಬರುತ್ತಿರಲಿಲ್ಲ.