88 ಮತ್ತು 84ರ ನಡುವಿನ ಅರವತ್ತು ಕಿಲೋ

ಹಾಸನದಿಂದ ಧರ್ಮಸ್ಥಳಕ್ಕೆ ಹೊರಡುವ ಮುನ್ನ ನಮ್ಮ ಏಳು ಸೀಟಿನ ಕಾರಿನ ನಾಲ್ಕೂ ಟೈರ್ ಬದಲಿಸಬೇಕಿತ್ತು. ಸವೆದು ನುಣ್ಣಗಾಗಿದ್ದವು. ಅಪ್ಪ, ಅಮ್ಮ, ತವರಿಗೆ ಬಂದಿದ್ದ ಅಕ್ಕ, ಭಾವ, ಅವರ ಮಗ, ನಾವಿಬ್ಬರು. ಒಂದು ಸೀಟೂ ಖಾಲಿ ಉಳಿಯುವಂತಿರಲಿಲ್ಲ. ಹಿಂದೆ ಬ್ಯಾಗುಗಳು ಬೇರೆ.

ಹಳೆಯ ಟೈರಿನ ಮೇಲೆ 185/65 ಆರ್ 15 88 ಎಚ್ ಎಂದಿತ್ತು. ಅಂಗಡಿಯವರು ತಂದಿಟ್ಟದ್ದು 185/60 ಆರ್ 15 84 ಎಚ್. "ರಿಮ್ ಅದೇ ಹದಿನೈದು ಇಂಚು ಸರ್, ಸರಿಯಾಗಿ ಕೂರುತ್ತದೆ, ಬೆಲೆಯೂ ಕಡಿಮೆ" ಎಂದರು. ಕೂರುತ್ತದೆ ಎನ್ನುವುದೇನೋ ನಿಜ. ನನಗೆ ಬೇಕಿದ್ದದ್ದು ಹೊರುವ ಟೈರು. ಅಳತೆಯ ನಂತರದ ಆ ಎರಡಂಕಿಯ ಸಂಖ್ಯೆ ಕಿಲೋ ಅಲ್ಲ, ಭಾರದ ಪಟ್ಟಿಯಲ್ಲಿನ ಕ್ರಮಾಂಕ. 88 ಎಂದರೆ ಒಂದು ಟೈರು ಹೊರಬಲ್ಲದ್ದು 560 ಕಿಲೋ, 84 ಎಂದರೆ 500. ಎಚ್ ಎನ್ನುವುದು ವೇಗದ ಗುರುತು, ಗಂಟೆಗೆ 210 ಕಿಲೋಮೀಟರ್. ನಮ್ಮ ರಸ್ತೆಗಳಲ್ಲಿ ಅದರ ಚಿಂತೆ ಯಾರಿಗೂ ಬೇಡ.

"ನಾಲ್ಕು ಸೇರಿ ಎರಡು ಸಾವಿರ ಕಿಲೋ ಆಯಿತಲ್ಲ ಸರ್, ಜನರೆಲ್ಲ ಕೂತರೂ ನಿಮ್ಮ ಗಾಡಿ ಅಷ್ಟು ತೂಗುವುದಿಲ್ಲ" ಎಂದು ಅವರು ವಾದಿಸಿದರು. ಈ ಲೆಕ್ಕ ನಿಂತ ಕಾರಿಗೆ ಸರಿ, ಅದೂ ಭಾರ ನಾಲ್ಕು ಕಡೆ ಸಮನಾಗಿ ಹಂಚಿಹೋದರೆ. ಮೂರನೆಯ ಸಾಲಿನಲ್ಲಿ ಇಬ್ಬರು ಕೂತು ಅವರ ಬೆನ್ನ ಹಿಂದೆ ಸಾಮಾನು ತುಂಬಿದರೆ ಹಿಂದಿನ ಚಕ್ರಗಳ ಪಾಲು ಏರುತ್ತದೆ. ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುವಾಗ ಬ್ರೇಕ್ ಒತ್ತಿದಂತೆಲ್ಲ ತೂಕ ಮುಂದಕ್ಕೆ ವಾಲುತ್ತದೆ, ತಿರುವಿನಲ್ಲಿ ಹೊರಬದಿಯ ಟೈರಿನ ಮೇಲೆ ಬೀಳುತ್ತದೆ. ಗುಂಡ್ಯದವರೆಗೂ ಇದೇ ಕಥೆ. ಶಕ್ತಿಗೆ ಮೀರಿ ಹೊತ್ತ ಟೈರಿನ ಪಕ್ಕದ ಗೋಡೆ ಸುತ್ತು ಸುತ್ತಿಗೂ ಹೆಚ್ಚು ಬಾಗುತ್ತದೆ. ಒಳಗೆ ಕಾವು ಹುಟ್ಟಿ ರಬ್ಬರು, ತಂತಿಪದರ ಬಿಟ್ಟುಕೊಳ್ಳುತ್ತವೆ. ಗಾಳಿ ಕಡಿಮೆಯಿದ್ದರೆ 88 ಎಂದು ಬರೆದ ಟೈರೂ 560 ಕಿಲೋ ಹೊರಲಾರದು. ಮನೆಯವರನ್ನೆಲ್ಲ ಕೂರಿಸಿಕೊಂಡು ಹೋಗುವವನು ಟೈರಿಗೆ ಅರವತ್ತು ಕಿಲೋದ ಈ ಹೆಚ್ಚಿನ ಬಲವನ್ನು ಬಿಟ್ಟುಕೊಡಬಾರದು ಎಂದೇ ನನ್ನ ಹಟ. ಅಲ್ಲದೆ ಆ 84ರ ಟೈರು ಗಿಡ್ಡ. ಕಾರು ಒಂಬತ್ತು ಮಿಲಿಮೀಟರ್ ತಗ್ಗುತ್ತಿತ್ತು, ತುಂಬಿದ ಗಾಡಿಗೆ ನಮ್ಮೂರ ಹಂಪುಗಳಲ್ಲಿ ಅದೂ ದೊಡ್ಡದೇ.

ಅಂಗಡಿಯವರು ಬೇಸರಿಸದೆ ಬೇರೆ ಕಡೆಯಿಂದ 88ರದ್ದನ್ನೇ ತರಿಸಿದರು. ಅಷ್ಟರಲ್ಲಿ ಭಾವ ಕೇಳಿದರು: "ಇನ್ನೂ ದೊಡ್ಡ ಸಂಖ್ಯೆಯದ್ದು ಹಾಕಿಸಿದರೆ ಮೇಲೆ ಕ್ಯಾರಿಯರ್ ಕಟ್ಟಿ ಇನ್ನಷ್ಟು ಹೇರಬಹುದಲ್ಲವೇ?" ಆಗದು ಭಾವ ಎಂದೆ. ಟೈರು ತಾಳಬಹುದು, ಸ್ಪ್ರಿಂಗು, ಆಕ್ಸಲ್, ಬ್ರೇಕುಗಳು ಮೊದಲಿನವೇ. ಕಾರು ತಯಾರಿಸಿದವರು ನಿಗದಿ ಮಾಡಿದ ಒಟ್ಟು ತೂಕ ಟೈರು ಬದಲಿಸಿದರೆ ಹೆಚ್ಚುವುದಿಲ್ಲ. ಡ್ರೈವರ್ ಬಾಗಿಲಿನ ಕಂಬಕ್ಕೆ ಅಂಟಿಸಿದ ಚೀಟಿಯನ್ನು ಅವರಿಗೆ ತೋರಿಸಿ, ಅದರಲ್ಲಿ ತುಂಬಿದ ಗಾಡಿಗೆಂದು ಹೇಳಿದ್ದಷ್ಟೇ ಗಾಳಿ ಹಿಡಿಸಿದೆ, ಸ್ಟೆಪ್ನಿಗೂ ಸೇರಿಸಿ.